ನೀಲಮ್ಮ ಅಕ್ಕೋರು ಮತ್ತು ಅವ್ವನ ಫೋನು

ಕೆಟ್ಟ ಯಂತ್ರದ ಮುಂದೆ ನೀಲಮ್ಮ ಅಕ್ಕೋರು ಕುಳಿತದ್ದನ್ನು ನಾನು ನೋಡಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನನ್ನು ನೋಡುವ ಹಾಗೆ ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಬಬಲೇಶ್ವರದ ಹೈಸ್ಕೂಲಿನಲ್ಲಿ ನಮಗೆ ಕಂಪ್ಯೂಟರ್ ಕಲಿಸಿದವರು. ನಿವೃತ್ತರಾದ ಮೇಲೂ ಯಾರದಾದರೂ ಪ್ರಿಂಟರ್ ಮುನಿಸಿಕೊಂಡರೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಅವಸರಪಟ್ಟು ಸಿಕ್ಕ ಸಿಕ್ಕದ್ದನ್ನೆಲ್ಲ ಒತ್ತುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಒಂದ ಸಲಕ್ಕ ಒಂದ ಬದಲಾಸು. ಇಲ್ಲಾಂದ್ರ ಯಾವುದರಿಂದ ಛಲೋ ಆತು ಅಂತ ಹೆಂಗ ಗೊತ್ತಾಗಬೇಕು?" ಎನ್ನುತ್ತಿದ್ದರು.

ಅವ್ವ ತೀರಿಕೊಂಡ ಮೇಲೆ ವಿಜಯಪುರದ ನಮ್ಮ ಮನೆಗೆ ನಾನೇ ಅವರನ್ನು ಕರೆಸಿದೆ. ಅವ್ವ ಹಾಡಿದ ಸೋಬಾನೆ ಪದಗಳು ಅವಳ ಹಳೆಯ ಫೋನಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಆ ಫೋನು ಇಂದೋ ನಾಳೆಯೋ ಎನ್ನುವಂತಿತ್ತು. ಕೇಬಲ್ ಚುಚ್ಚಿದರೆ ಚಾರ್ಜ್ ಆಗುತ್ತಿತ್ತೇ ಹೊರತು ಕಂಪ್ಯೂಟರಿಗೆ ಏನೂ ದಾಟುತ್ತಿರಲಿಲ್ಲ. ಉಳಿದದ್ದು ಮನೆಯ ವೈಫೈ ಒಂದೇ. ಅಪ್ಪನ ಹೆಸರಿನ ಆ ವೈಫೈಗೆ ಫೋನು, ಕಂಪ್ಯೂಟರ್ ಎರಡೂ ಕೂಡಿಕೊಂಡಿದ್ದರೂ ಒಂದಕ್ಕೊಂದು ಕಾಣಿಸುತ್ತಿರಲಿಲ್ಲ.

ಮೊದಲ ದಿನ ಅಕ್ಕೋರು ಫೈರ್‌ವಾಲ್ ತೆಗೆದು ನೋಡಿದರು, ಮತ್ತೆ ಹಾಕಿದರು. ರೌಟರ್ ಬಂದ್ ಮಾಡಿ ಹಚ್ಚಿದರು. ಸಂಜೆ ನಾನೇ ಸೋತು, ಇನ್ನು ಬಿಡಿ ಎಂದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮರುದಿನ ಮೊದಲ ಬಸ್ಸಿಗೇ ಬಂದು, ಎರಡೂ ಯಂತ್ರಗಳ ನೆಟ್‌ವರ್ಕ್ ನಂಬರುಗಳನ್ನು ಕಾಗದದ ಮೇಲೆ ಬರೆದು ಹೋಲಿಸಿದರು. ವೈಫೈ ಹೆಸರು ಒಂದೇ ಇದ್ದರೂ ಫೋನು ಬೇರೆಯದೇ ರೌಟರಿಗೆ ಅಂಟಿಕೊಂಡಿತ್ತು.

"ಈ ಗ್ವಾಡಿ ಆಚೀಗೆ ಯಾರ ಅದಾರ?" ಎಂದು ಗೋಡೆ ತೋರಿಸಿ ಕೇಳಿದರು.

"ನಮ್ಮ ಅಣ್ಣರಿ. ಮನಿ ಪಾಲಾದಾಗಿಂದ ಮಾತಿಲ್ರಿ."

ಅವ್ವ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅವನಲ್ಲಿ ಸರದಿಯ ಮೇಲೆ ಇರುತ್ತಿದ್ದಳು. ತನ್ನ ಹೊಸ ವೈಫೈಗೂ ಅವನು ಅಪ್ಪನ ಹೆಸರನ್ನೇ, ನಮ್ಮ ಪಾಸ್‌ವರ್ಡನ್ನೇ ಇಟ್ಟಿದ್ದನೆಂದು ಆಗ ತಿಳಿಯಿತು. "ಅವ್ವನ ಫೋನು ಅಲ್ಲೂ ತಾನ ಕೂಡ್ಲಿ, ಅಕಿಗೆ ತ್ರಾಸ ಆಗಬಾರದಂತ ಹಿಂಗ ಮಾಡ್ಯಾನ ಅವ," ಎಂದರು ಅಕ್ಕೋರು. ಅಣ್ಣನನ್ನು ಕಲ್ಲೆದೆಯವನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ನಾಚಿಕೆಯಾಯಿತು.

ಅವನ ರೌಟರಿಗೆ ಎಟುಕದಂತೆ ಫೋನನ್ನು ಅಂಗಳಕ್ಕೆ ಒಯ್ದು ನೋಡೋಣವೆಂದೆ. ಅವರು ಒಪ್ಪಲಿಲ್ಲ.

"ಒಂದ ತಾಸು ಅವನ ರೌಟರ್ ಬಂದ್ ಮಾಡಂತ ಹೋಗಿ ಕೇಳು. ನೀ ಬರೂತನಕ ನಾ ಇಲ್ಲೇ ನಿಂತಿರತೀನಿ."

ಹೋದೆ. ಅಣ್ಣ ಪೂರ್ತಿ ಕೇಳಿಸಿಕೊಂಡು, ಸ್ವಿಚ್ ಬಂದ್ ಮಾಡಿ, ನನ್ನ ಹಿಂದೆಯೇ ಬಂದ. ಫೋನು ನಮ್ಮ ರೌಟರಿಗೆ ಕೂಡಿಕೊಂಡಿತು, ಕಂಪ್ಯೂಟರಿನಲ್ಲಿ ಕಾಣಿಸಿತು, ಪದಗಳು ಒಂದೊಂದಾಗಿ ದಾಟಿದವು. ಮೊದಲನೆಯದನ್ನು ಹಚ್ಚಿದೆವು. ಪದದ ನಡುವೆ ಅವ್ವ ಕೆಮ್ಮಿದಳು. ಅಣ್ಣ ಅತ್ತುಬಿಟ್ಟ, ನಾನೂ ಅತ್ತೆ. ಕಣ್ಣೊರೆಸಿಕೊಂಡು ನೋಡಿದರೆ ಅಕ್ಕೋರು ಚಹಾ ಸಹ ಕುಡಿಯದೆ ಬಸ್ಸಿಗೆ ಹೋಗಿದ್ದರು.

ಆಮೇಲೆ ಅವರನ್ನು ನೋಡುವುದಾಗಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ, ಅವರು ತೀರಿಕೊಂಡರೆಂಬ ಸುದ್ದಿ ತಂದವನು ಅಣ್ಣನೇ. ಬಾಗಿಲಲ್ಲೇ ನಿಂತು, "ನಡಿ, ಇಬ್ರೂ ಕೂಡೇ ಹೋಗೂನು," ಎಂದ. ಬಬಲೇಶ್ವರದವರೆಗೂ ಒಂದೇ ಸೀಟಿನಲ್ಲಿ ಕುಳಿತು ಹೋದೆವು.