ಲ್ಯಾಬಿನ ಅತ್ತೆ

ಮ್ಯಾಂಗ್ ಒಕ್ಜುಗೆ ಮೂವತ್ತನಾಲ್ಕು ತುಂಬುವ ತನಕ ಹೊಟ್ಟೆಕಿಚ್ಚು ಎಂದರೇನೆಂದು ಗೊತ್ತಿರಲಿಲ್ಲ. ನಗಬೇಡಿ, ನಿಜ. ಚಂಗ್ಜು ಊರಿನ ವಿಶ್ವವಿದ್ಯಾಲಯವೊಂದರಲ್ಲಿ ಪ್ರೊಫೆಸರ್ ಬೋಂಗ್ ಅವರ ಕೈಕೆಳಗೆ ಪಿಎಚ್‌ಡಿಗೆಂದು ಸೇರಿದವಳು ಅಲ್ಲೇ ಬೇರುಬಿಟ್ಟಿದ್ದಳು. ಜೊತೆಗೆ ಸೇರಿದವರು ಡಾಕ್ಟರಾಗಿ, ಕೆಲಸ ಹಿಡಿದು, ಮದುವೆಯೂ ಆಗಿ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಇವಳು ಮಾತ್ರ ಲ್ಯಾಬಿನ ಹಿರಿಯಳು. ಕಿರಿಯರು ಬೆನ್ನ ಹಿಂದೆ ‘ಲ್ಯಾಬಿನ ಅತ್ತೆ’ ಎನ್ನುತ್ತಿದ್ದರು. ಎದುರಿಗೇ ಅಂದುಬಿಟ್ಟದ್ದೂ ಉಂಟು, ಅವಳು ನಕ್ಕದ್ದೂ ಉಂಟು.

ಅತ್ತೆ ಅಂದರೆ ಅತ್ತೆಯೇ. ಯಾವ ಯಂತ್ರಕ್ಕೆ ಯಾವ ಎಣ್ಣೆ, ಸರ್ಕಾರಕ್ಕೆ ವರದಿ ಯಾವಾಗ ಹೋಗಬೇಕು, ಪ್ರೊಫೆಸರಿಗೆ ಯಾವ ರೈಲಿನ ಟಿಕೆಟ್ಟು, ಅವರ ತಾಯಿಯ ಕಣ್ಣಿನ ಡಾಕ್ಟರು ಯಾವ ವಾರ ಸಿಗುತ್ತಾರೆ, ಲ್ಯಾಬಿನವರೆಲ್ಲ ಊಟಕ್ಕೆ ಹೋದಾಗ ಯಾರು ಕುಡಿಯುವುದಿಲ್ಲ, ಎಲ್ಲವೂ ಅವಳ ತಲೆಯಲ್ಲೇ. ಅವಳ ಸ್ವಂತ ಸಂಶೋಧನೆ ಇವೆಲ್ಲದರ ಸಂದಿಯಲ್ಲಿ, ಉಳಿದ ಹೊತ್ತಿನಲ್ಲಿ ನಡೆಯಬೇಕು. ಚುಸೊಕ್ ಹಬ್ಬಕ್ಕೆ ಊರಿಗೆ ಹೋದರೆ ದೊಡ್ಡಪ್ಪ ತಪ್ಪದೆ ಕೇಳುತ್ತಿದ್ದ: “ಇನ್ನೂ ಓದ್ತಾನೇ ಇದೀಯೇನೇ? ಅಷ್ಟು ಮಂದ ತಲೆನಾ ನಿಂದು?” ಅದನ್ನೂ ಅವಳು ನುಂಗಿಕೊಂಡಿದ್ದಳು.

ಆಮೇಲೆ ಬಂದಳು ನೋಡಿ, ಥಾಕ್ ಹೇವೊನ್.

ಹೇವೊನ್ ಓದಿದ್ದು ಸಮಾಜಶಾಸ್ತ್ರ. ಲ್ಯಾಬಿನಲ್ಲಿ ಆಗ ನಡೆಯುತ್ತಿದ್ದದ್ದು ಸೊಂಟದ ಪಟ್ಟಿಯ ಕೆಲಸ. ಸೇಬಿನ ತೋಟದಲ್ಲಿ ಬಗ್ಗಿ ಬಗ್ಗಿ ನಡು ಬಿದ್ದುಹೋದ ಅಜ್ಜಿಯರಿಗೆಂದು ಮಾಡಿದ್ದು. ಕಟ್ಟಿಕೊಂಡು ಬಗ್ಗಿದರೆ ಪಟ್ಟಿಯೊಳಗಿನ ಪುಟ್ಟ ಮೋಟಾರು ಮೆಲ್ಲಗೆ ಮೇಲೆತ್ತುತ್ತದೆ. ಪಟ್ಟಿ ಮಾಡಿದವಳು ಒಕ್ಜು. ಅಜ್ಜಿಯರು ಅದನ್ನು ಯಾಕೆ ಕಟ್ಟಿಕೊಳ್ಳುತ್ತಾರೆ, ಯಾಕೆ ಬಿಚ್ಚಿಡುತ್ತಾರೆ ಎಂದು ವಿಚಾರಿಸಿ ಬರೆಯುವವಳು ಹೇವೊನ್. ಒಂದೇ ಪಟ್ಟಿ, ಎರಡು ಪ್ರಬಂಧ.

ಬಂದ ಹೊಸದರಲ್ಲೇ ಹೇವೊನ್ ಒಂದು ಸರ್ಕ್ಯೂಟ್ ಬೋರ್ಡು ಸುಟ್ಟಳು. ಲ್ಯಾಬೆಲ್ಲ ಹೊಗೆ. “ಸ್ಕ್ರೂ ಯಾವುದು, ಮೊಳೆ ಯಾವುದು ಅಂತಾನೂ ನಂಗೆ ಗೊತ್ತಾಗಲ್ಲ ಅಕ್ಕಾ,” ಎಂದು ಕಣ್ಣಲ್ಲಿ ನೀರು ತುಂಬಿಕೊಂಡಳು. ಪ್ರೊಫೆಸರ್ ಓಡಿಬಂದು, “ನೀನು ಏನೂ ಮುಟ್ಟಬೇಡಮ್ಮಾ, ಪುಣ್ಯ ಬರತ್ತೆ. ಒಕ್ಜು ನೋಡ್ಕೋತಾಳೆ,” ಎಂದರು. ಊಟದ ಜಾಗ ಗೊತ್ತುಮಾಡು ಎಂದರೆ ಮುಚ್ಚಿಹೋದ ಹೋಟೆಲಿಗೆ ಕರೆದುಕೊಂಡು ಹೋದಳು. ಟಿಕೆಟ್ ತೆಗೆಸು ಎಂದರೆ ಪ್ರೊಫೆಸರ್ ಬೂಸಾನಿಗೆ ಹೋಗುವ ಬದಲು ಮೊಕ್ಪೊ ತಲುಪಿದರು. ಆಮೇಲೆ ಯಾರೂ ಅವಳಿಗೆ ಏನೂ ಹೇಳಲಿಲ್ಲ. ಅವಳು ಲೈಬ್ರರಿಯಲ್ಲಿ ಕಿಟಕಿ ಪಕ್ಕ ಕುಳಿತು ಹಾಯಾಗಿ ಬರೆಯುತ್ತಿದ್ದಳು.

ಹಳ್ಳಿಗೆ ಹೋದಾಗಲೂ ಅದೇ ಕಥೆ. ಮುದುಕರ ಚಾವಡಿಯಲ್ಲಿ ಒಕ್ಜು ಅಜ್ಜಿಯರ ಸೊಂಟಕ್ಕೆ ಪಟ್ಟಿ ಬಿಗಿಯುತ್ತಾ, ಬ್ಯಾಟರಿ ಹೊರುತ್ತಾ ಬೆವರು ಸುರಿಸುತ್ತಿದ್ದರೆ, ಹೇವೊನ್ ಬೆಚ್ಚನೆಯ ನೆಲದ ಮೇಲೆ ಕಾಲು ಚಾಚಿ ಅವರ ಜೊತೆ ಹೂವಿನ ಚಿತ್ರದ ಇಸ್ಪೀಟು ಆಡುತ್ತಿದ್ದಳು. ಅಜ್ಜಿಯರು ಬೇಯಿಸಿದ ಗೆಣಸಿನ ಸಿಪ್ಪೆ ಬಿಡಿಸಿ ಅವಳ ಬಾಯಿಗೇ ಇಡುತ್ತಿದ್ದರು.

“ಏ ಸೊಟ್ಟ ಮೂತಿ,” ಎಂದು ಒಬ್ಬ ಅಜ್ಜಿ ಒಕ್ಜುವನ್ನು ಕರೆದಳು, “ನೀನೂ ಒಂದು ಸಲ ನಗೇ! ನಿನ್ನ ಮುಖ ನೋಡಿದ್ರೆ ಇಲ್ದಿರೋ ನೋವೂ ಬರತ್ತೆ.” ಚಾವಡಿಯೆಲ್ಲ ಘೊಳ್ಳೆಂದಿತು. ಹೇವೊನ್ ಕೂಡ ನಕ್ಕಳು. ಅವತ್ತು ಒಕ್ಜುವಿನ ಹೊಟ್ಟೆಯೊಳಗೆ ಏನೋ ಚುರ್ ಎಂದಿತು. ಪಟ್ಟಿ ನನ್ನದು, ಅಜ್ಜಿಯರು ಮಾತ್ರ ಅವಳವರು.

ಅದು ಬರೀ ಚುರುಕು. ಉರಿ ಹತ್ತಿದ್ದು ಬೇಸಿಗೆಯಲ್ಲಿ. ಆ ಚಳಿಗಾಲಕ್ಕೆ ತನ್ನ ಪ್ರಬಂಧ ಒಪ್ಪಿಸುತ್ತೇನೆಂದು ಒಕ್ಜು ಪ್ರೊಫೆಸರ ಬಾಗಿಲು ತಟ್ಟಿದಳು. ಪ್ರಬಂಧ ಮುಗಿದಿತ್ತು. ಅವರು ಅದನ್ನು ಓದಿಯೂ ಇದ್ದರು.

“ಚೆನ್ನಾಗಿದೆ, ಚೆನ್ನಾಗಿಲ್ಲ ಅಂದವರು ಯಾರು?” ಎಂದರು ಪ್ರೊಫೆಸರ್. “ಆದ್ರೆ ಈ ಸಲ ಹೇವೊನ್ ಮುಗಿಸ್ಲಿ. ಒಂದೇ ಲ್ಯಾಬಿಂದ ಇಬ್ರನ್ನ ಒಟ್ಟಿಗೆ ಕಳ್ಸೋಕಾಗಲ್ಲ. ನೀನು ದೊಡ್ಡವಳು, ಬಿಟ್ಕೊಡು.”

“ಸರ್, ಅವಳು ಮೊನ್ನೆ ಮೊನ್ನೆ ಬಂದವಳು.”

“ಗೊತ್ತಮ್ಮಾ. ಬರೋ ವರ್ಷ ದೊಡ್ಡ ತಪಾಸಣೆ ಇದೆ. ಅವಳಿದ್ದು ನಂಗೆ ಏನುಪಯೋಗ ಹೇಳು? ನೀನು ಹೋದ್ರೆ ನನ್ನ ಕೈಕಾಲೇ ಹೋದ ಹಾಗೆ.”

ಇಂಥ ಮಾತು ಕೇಳಿ ಎಷ್ಟೋ ಸಲ ಒಕ್ಜು ಉಬ್ಬಿಹೋಗಿದ್ದಳು. ಅವತ್ತು ಉಬ್ಬಲಿಲ್ಲ. ಹೊರಗೆ ಬಂದರೆ ಹೇವೊನ್ ಐಸ್ ಕಾಫಿ ಹೀರುತ್ತಾ ಬರುತ್ತಿದ್ದಳು. ಅವಳ ನಡಿಗೆ ಕಂಡರೆ ಉರಿ, ಅವಳ ಮಾಸದ ಕೈಗಳನ್ನು ಕಂಡರೆ ಉರಿ, ಅವಳು ‘ಅಕ್ಕಾ’ ಎಂದರಂತೂ ಮೈಯೆಲ್ಲ ಉರಿ. ಕೆಲಸಕ್ಕೆ ಬಾರದವಳಿಗೆ ಪದವಿ, ದುಡಿದು ಸತ್ತವಳಿಗೆ ಹೊಗಳಿಕೆ! ಅನ್ನ ಸೇರಲಿಲ್ಲ. ಹಲ್ಲುಜ್ಜುವಾಗಲೂ ಅವಳದೇ ಮುಖ. ಅವಳ ಪ್ರಬಂಧದಲ್ಲಿ ಒಂದು ದೊಡ್ಡ ತಪ್ಪು ಸಿಗಲಿ ದೇವರೇ ಎಂದು ಕದ್ದು ಓದಿದಳು. ತಪ್ಪು ಸಿಗಲಿಲ್ಲ, ಚೆನ್ನಾಗಿತ್ತು. ಅದು ಇನ್ನೂ ಕೆಟ್ಟದಾಯಿತು.

ಡಿಸೆಂಬರಿನಲ್ಲಿ ಹೇವೊನ್‌ಳ ಮೌಖಿಕ ಪರೀಕ್ಷೆ. ಪರೀಕ್ಷಕರ ಮೇಜು ಸಿಂಗರಿಸುವುದು ಪರೀಕ್ಷೆ ಕೊಡುವವರ ಲ್ಯಾಬಿನ ಜವಾಬ್ದಾರಿ. ಅಂದರೆ ಅತ್ತೆಯ ಜವಾಬ್ದಾರಿ. ಅವತ್ತು ಬೆಳಿಗ್ಗೆ, ಹೊಸದಾಗಿ ಸೇರಿದ್ದ ಸೆಬೊಮ್ ಎಂಬ ಹುಡುಗಿಯನ್ನು ಜೊತೆಗಿಟ್ಟುಕೊಂಡು ಒಕ್ಜು ಒಬ್ಬೊಬ್ಬರ ಮುಂದೂ ಪುಟ್ಟ ಕಿತ್ತಳೆ, ಅಕ್ಕಿಯ ಕಡುಬು, ಬಿಸಿ ಶುಂಠಿ ಪಾನಕ ಜೋಡಿಸಿದಳು. ಹೇವೊನ್ ಹೆಸರು ಬರೆದ ಫಲಕವನ್ನು ನೇರ ಮಾಡಿದಳು. ಆಮೇಲೆ ಪ್ರದರ್ಶನಕ್ಕಿಟ್ಟ ಪಟ್ಟಿಯನ್ನು ಎತ್ತಿ ನೋಡಿದಳು. ಪಟ್ಟಿಯ ಕೀಲಿನ ಸಂದಿಯಲ್ಲಿ ವೈರು ಸಡಿಲವಾಗಿದ್ದದ್ದು ಕಂಡಿತು. ಮುಚ್ಚಳ ತೆಗೆದು, ಸ್ವಲ್ಪ ತಿರುಚಿ ಸಿಕ್ಕಿಸಿದರೆ ಮುಗಿಯಿತು. ಪಟ್ಟಿಯನ್ನು ಇದ್ದಲ್ಲೇ ಇಟ್ಟಳು.

ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಳು. ಜೀವಮಾನದಲ್ಲಿ ಮೊದಲ ಸಲ.

ಹೇವೊನ್ ಚೆನ್ನಾಗಿಯೇ ಮಾತಾಡಿದಳು. ಹೊರಗಿನಿಂದ ಬಂದ ಪರೀಕ್ಷಕಿ, ಹ್ಯೋನ್ ಎಂಬ ಹಿರಿಯ ಪ್ರೊಫೆಸರ್, ಕನ್ನಡಕ ಸರಿಮಾಡಿಕೊಂಡು, “ಮಾತೇನೋ ಸರಿ ಕಣಮ್ಮಾ. ಆ ಪಟ್ಟಿ ಒಂದ್ಸಲ ಕಟ್ಕೊಂಡು ಬಗ್ಗಿ ತೋರ್ಸು,” ಎಂದರು.

ಹೇವೊನ್ ಪಟ್ಟಿ ಕಟ್ಟಿಕೊಂಡು ಬಗ್ಗಿದಳು. ಗುಂಡಿ ಒತ್ತಿದಳು. ಮೋಟಾರು ತುಟಿಪಿಟಕ್ಕೆನ್ನಲಿಲ್ಲ. ಮತ್ತೆ ಒತ್ತಿದಳು. ಬಗ್ಗಿದವಳು ಬಗ್ಗಿಯೇ ಇದ್ದಳು, ಯಾರೋ ಕಿಸಕ್ಕೆಂದರು.

ಪ್ರೊಫೆಸರ್ ಬೋಂಗ್ ತಿರುಗಿ, “ಒಕ್ಜು!” ಎಂದರು. ಕೋಣೆಯಲ್ಲಿದ್ದ ಎಲ್ಲರೂ ಒಕ್ಜುವಿನ ಕಡೆ ತಿರುಗಿದರು. ಅವಳು ಕೈಕಟ್ಟಿ ಕುಳಿತಿದ್ದಳು. ಕಾಲುಗಳು ತಾವಾಗಿಯೇ ಏಳಲು ನೋಡುತ್ತಿದ್ದವು, ಒತ್ತಿ ಹಿಡಿದಳು. ಆಹಾ, ಏನು ಸುಖ! ಅನುಭವಿಸು, ಬಗ್ಗಿರು ಹಾಗೇ, ಸೊಂಟ ಬೀಳಲಿ.

“ಸರ್, ಅಕ್ಕ ಕೂತಿರ್ಲಿ,” ಎಂದಳು ಹೇವೊನ್. ನೆಟ್ಟಗಾಗಿ ಪಟ್ಟಿ ಬಿಚ್ಚಿ ಮೇಜಿನ ಮೇಲೆ ಮಗುಚಿದಳು. ಕೋಟಿನ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ಬಂತು. ಮುಚ್ಚಳ ತೆರೆಯಿತು, ವೈರನ್ನು ಎರಡು ಬೆರಳಲ್ಲಿ ತಿರುಚಿ ಸಿಕ್ಕಿಸಿ ಮುಚ್ಚಳ ಹಾಕಿದಳು. ಪಾನಕದ ಲೋಟ ಕೆಳಗಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಕಟ್ಟಿಕೊಂಡು ಬಗ್ಗಿದಳು, ಪಟ್ಟಿ ಗುಂಯ್ ಎಂದು ಅವಳನ್ನು ಮೇಲೆತ್ತಿತು. ಹ್ಯೋನ್ ಚಪ್ಪಾಳೆ ತಟ್ಟಿದರು.

ಅಂಕ ತೀರ್ಮಾನಿಸಲು ಪರೀಕ್ಷಕರು ಎಲ್ಲರನ್ನೂ ಹೊರಗೆ ಕಳಿಸಿದರು. ಕಿರಿಯರು ಕಾಫಿಗೆ ಹೋದರು. ಪಡಸಾಲೆಯಲ್ಲಿ ಉಳಿದವರು ಅವರಿಬ್ಬರೇ.

“ವೈರು ಸಡಿಲ ಇದ್ರೆ ನಿಮ್ಮ ಕಣ್ಣು ತಪ್ಪಲ್ಲ. ಬೆಳಿಗ್ಗೇನೇ ನೋಡಿದ್ರಿ ಅಲ್ವಾ ಅಕ್ಕಾ?” ಎಂದಳು ಹೇವೊನ್.

ಒಕ್ಜು ಮಾತು ತಿರುಗಿಸಿದಳು. “ನಿಂಗೆ ಇದೆಲ್ಲಾ ಬರ್ತಿತ್ತೇನೇ?” ಎಂದಷ್ಟೇ ಕೇಳಿದಳು.

“ನಮ್ಮಪ್ಪಂದು ಫ್ಯಾನು, ರೇಡಿಯೋ ರಿಪೇರಿ ಅಂಗಡಿ. ಬುದ್ಧಿ ಬಂದಾಗಿಂದ ಅದೇ ಮಾಡಿದೀನಿ.”

“ಮತ್ತೆ ಅವತ್ತು ಬೋರ್ಡ್ ಸುಟ್ಟಿದ್ದು?”

“ಹಳೇದು, ಯಾರಿಗೂ ಬೇಡವಾಗಿದ್ದು ಹುಡುಕಿ ಸುಟ್ಟೆ,” ಎಂದಳು ಹೇವೊನ್. ನಗಲಿಲ್ಲ. “ಬಂದ ವಾರಾನೇ ನಿಮ್ಮನ್ನ ನೋಡಿದೆ ಅಕ್ಕಾ. ಈ ಲ್ಯಾಬಲ್ಲಿ ಕೆಲಸ ಬರತ್ತೆ ಅಂದ್ರೆ ಮುಗೀತು, ಆಚೆ ಬಿಡಲ್ಲ ಅಂತ ಗೊತ್ತಾಯ್ತು.”

“ನಂಗ್ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀವೂ ಈ ಕೆಲಸಕ್ಕೆಲ್ಲಾ ಕೈ ಎತ್ತಿಬಿಡ್ತಿದ್ರಿ.” ಹೇವೊನ್ ಕಣ್ಣು ಬಾಗಿಲ ಮೇಲಿತ್ತು. “ಆಮೇಲೆ ಅದೆಲ್ಲಾ ನನ್ನ ತಲೆಗೆ ಬರ್ತಿತ್ತು.”

ಕೆನ್ನೆಗೆ ಬಾರಿಸಬೇಕೆನ್ನಿಸಿತು ಒಕ್ಜುಗೆ. ಆದರೆ ಉರಿ ಕೋಪಕ್ಕೆ ತಿರುಗಲಿಲ್ಲ, ಇನ್ನೂ ಆಳದ ಹೊಟ್ಟೆಕಿಚ್ಚಿಗೇ ತಿರುಗಿತು. ಪದವಿಗಲ್ಲ ಈಗ. ಈ ಬುದ್ಧಿ ತನಗೆ ಯಾಕೆ ಹೊಳೆಯಲಿಲ್ಲ? ಇಷ್ಟು ಚಿಕ್ಕವಳಿಗೆ ಒಂದು ವಾರದಲ್ಲಿ ಕಂಡದ್ದು ತನಗೆ ಇಷ್ಟು ವರ್ಷವೂ ಯಾಕೆ ಕಾಣಲಿಲ್ಲ?

ಬಾಗಿಲು ತೆರೆಯಿತು. “ಡಾಕ್ಟರ್ ಥಾಕ್ ಹೇವೊನ್, ಒಳಗೆ ಬನ್ನಿ,” ಎಂದರು ಹ್ಯೋನ್. ಹೊಸ ಡಾಕ್ಟರು ನಡುಬಗ್ಗಿಸಿ ನಮಸ್ಕರಿಸಿದಳು. ಕೈಕುಲುಕುವುದು, ಫೋಟೋ, ಹೂಗುಚ್ಛ ಎಲ್ಲವೂ ಮುಗಿದ ಮೇಲೆ ಪ್ರೊಫೆಸರ್ ಬೋಂಗ್ ಕೋಟು ತೊಡುತ್ತಾ, “ಒಕ್ಜು, ಊಟಕ್ಕೆ ಎಲ್ಲಿ ಹೇಳಿದೀಯಾ?” ಎಂದರು.

ಲ್ಯಾಬಿನವರು ಯಾವಾಗಲೂ ಹೋಗುವ ಬಾತುಕೋಳಿ ಹೋಟೆಲಿನ ನಂಬರು ಒಕ್ಜುಗೆ ಬಾಯಿಪಾಠ. “ಎಲ್ಲೂ ಹೇಳಿಲ್ಲ ಸರ್,” ಎಂದಳು. “ಮರ್ತೇ ಹೋಯ್ತು. ಯಾವ ಹೋಟೆಲೂ ನೆನಪಿಗೆ ಬರ್ತಾ ಇಲ್ಲ.”

“ಮರ್ತೆಯಾ? ನೀನಾ?” ಪ್ರೊಫೆಸರ್ ಒಂದು ತೋಳು ಮಾತ್ರ ತೂರಿಸಿದ ಕೋಟಿನಲ್ಲಿ ಹಾಗೇ ನಿಂತರು. ಪರೀಕ್ಷಕರು ಗಡಿಯಾರ ನೋಡಿಕೊಂಡರು.

“ಸರ್, ನಾನು ಫೋನ್ ಮಾಡ್ಲಾ?” ಎಂದಿತು ಹಿಂದಿನಿಂದ ಒಂದು ದನಿ. ಸೆಬೊಮ್. “ನಿಲ್ದಾಣದ ಹತ್ರ ಒಂದು ಒಳ್ಳೇ ಜಾಗ ಗೊತ್ತು. ಟ್ಯಾಕ್ಸಿಗೂ ಹೇಳಿಬಿಡ್ತೀನಿ.”

“ಅಬ್ಬಾ, ಬದುಕಿಸ್ದೆ!” ಪ್ರೊಫೆಸರ ಮುಖ ಅರಳಿತು. ಆ ಹುಡುಗಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು. “ಸೆಬೊಮ್ ಅಲ್ವಾ ನಿನ್ನ ಹೆಸರು? ಚುರುಕಿದೀಯ ಕಣಮ್ಮಾ.”

ಸೆಬೊಮ್ ಕಿವಿಯ ತನಕ ಕೆಂಪಾಗಿ ನಕ್ಕಳು. ಒಕ್ಜು ಬಾಯಿ ತೆರೆದಳು. ಆ ಹುಡುಗಿಯನ್ನು ತಡೆಯಲು ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ಹೇವೊನ್ ಹೂಗುಚ್ಛದ ಮೇಲಿನಿಂದ ಅವಳನ್ನೇ ನೋಡುತ್ತಿದ್ದಳು.

ಒಕ್ಜು ಬಾಯಿ ಮುಚ್ಚಿದಳು. ಪರೀಕ್ಷಕರು ತಿನ್ನದೆ ಬಿಟ್ಟ ಕಿತ್ತಳೆಯೊಂದನ್ನು ತೆಗೆದುಕೊಂಡು, ಸೆಬೊಮ್ ಟ್ಯಾಕ್ಸಿಯವನಿಗೆ ದಾರಿ ಹೇಳಿ ಮುಗಿಸುವ ತನಕ, ಸಿಪ್ಪೆ ಸುಲಿಯುತ್ತಾ ಕುಳಿತಳು.