ಹೊಸಿಲಿಲ್ಲದ ಕೊಟ್ಟಿಗೆಯಲ್ಲಿ ಭೀಮನ ಅಮಾವಾಸ್ಯೆ

ಹುರಿದ ಅಕ್ಕಿಯನ್ನು ಒರಳಿಗೆ ಸುರಿದು ಒನಕೆ ಎತ್ತಿದ್ದೆ. ಪಕ್ಕದ ಮನೆಯ ದೊಡ್ಡವ್ವ ಹಿತ್ತಿಲ ಬೇಲಿಯ ಮೇಲಿಂದ ತಲೆ ಹಾಕಿ ಕೂಗಿದಳು.

"ಲೇ ಮಗಾ, ಒನಕೆ ಮಡಗು. ನಿನ್ ಗಂಡ ಬಂದವ್ನೆ ಕಣೆ! ಊರ ಮುಂದ್ಲ ಹುಣಸೆಮರದಡಿ ಕುಂತವ್ನೆ. ಮಖ ಎಲ್ಲಾ ಮಸಿ. ಯಾರೋ ಇದ್ದಿಲು ಮಾರೋನು ಅಂದ್ಕಂಡು ನಾನು 'ಮೂಟೆ ಎಲ್ಲಪ್ಪಾ' ಅಂತ ಕೇಳ್ಬುಟ್ಟೆ."

ಒನಕೆ ಕೈ ಜಾರಿತು. ಶಿವನ ದಯೆ, ಕಾಲ ಮೇಲೆ ಬೀಳಲಿಲ್ಲ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹತ್ತಿದವರು ಇಳಿಯುವಾಗ ಗುರುತೇ ಸಿಗುತ್ತಿರಲಿಲ್ಲ. ನನಗೆ ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿತ್ತು. ಮೊದಲ ಆಷಾಢಕ್ಕೆಂದು ತವರಿನವರು ನನ್ನನ್ನು ಗುರುಪುರಕ್ಕೆ ಕರೆತಂದಿದ್ದರು. ಆ ಒಂದು ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಅತ್ತೆ ಅಳಿಯನೂ ದಾಟಬಾರದು ಎಂಬುದು ನಮ್ಮ ಕಡೆಯ ಕಟ್ಟು. ಹಾಗಾಗಿ ನಾನು ಗುರುಪುರದಲ್ಲಿ, ನಮ್ಮ ಯಜಮಾನರು ಮಿರ್ಲೆಯಲ್ಲಿ. ಆದರೆ ಅದೇ ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ. ಹೆಂಡತಿಯಾದವಳು ಗಂಡನ ಪಾದ ತೊಳೆದು, ತಂಬಿಟ್ಟಿನ ದೀಪದಲ್ಲಿ ಆರತಿ ಎತ್ತಿ, ಅವನ ಆಯಸ್ಸನ್ನು ಶಿವಪಾರ್ವತಿಯರಲ್ಲಿ ಬೇಡುವ ದಿನ. ತಿಂಗಳೆಲ್ಲ ಗಂಡನ ಮುಖ ನೋಡಬೇಡ, ಕೊನೆಯ ದಿನ ಅವನ ಪಾದ ಪೂಜಿಸು! ಈ ಎರಡು ಕಟ್ಟನ್ನೂ ಒಬ್ಬರೇ ಮಾಡಿರಲಾರರು. ಮಾಡಿದ್ದರೆ ಅವರಿಗೆ ಮದುವೆಯಾಗಿರಲಾರದು.

ಇದಕ್ಕೆ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ದಾರಿ ಹೇಳಿದ್ದಳು. ಮದುವೆಯಾದ ಮೇಲೆ ಒಮ್ಮೆ ಬಂದಿದ್ದಾಗ ಯಜಮಾನರು ಮರೆತು ಹೋಗಿದ್ದ ರುಮಾಲು ನಮ್ಮ ಮನೆಯಲ್ಲಿತ್ತು. ಅದನ್ನೇ ಮಣೆಯ ಮೇಲಿಟ್ಟು ಪೂಜೆ ಮಾಡು ಎಂದಳು. ನಾನು ತಲೆಯಾಡಿಸಿ ರುಮಾಲು ಒಗೆದು ಮಡಿಸಿಟ್ಟಿದ್ದೆ. ಆದರೂ ದಿನಾ ದೇವರ ಮುಂದೆ ನಿಂತಾಗ ಒಂದೇ ಕೋರಿಕೆ: ಮೊದಲ ವರ್ಷದ ಪೂಜೆ ಪಾದಕ್ಕೇ ಸಲ್ಲಲಿ ತಂದೆ, ರುಮಾಲಿಗೆ ಕಾಲಿಲ್ಲ.

ಈಗ ಕಾಲುಗಳು ಹುಣಸೆಮರದ ತನಕ ಬಂದಿದ್ದವು. ಅಲ್ಲಿಂದ ಈಚೆಗೆ ತರುವುದು ಹೇಗೆ?

ಅವ್ವ ಸುದ್ದಿ ಕೇಳಿದವಳೇ ತಲೆಬಾಗಿಲಿಗೆ ಅಗುಳಿ ಹಾಕಿದಳು. "ಬ್ಯಾಡ ಕಣವ್ವಾ! ಆಷಾಡದಲ್ಲಿ ಅಳಿಯ ಹೊಸಿಲು ದಾಟಿದ್ರೆ ಎರಡು ಮನೆಗೂ ಆಗಲ್ಲ. ನಾಳೆಗೆ ಸ್ರಾವಣ. ನಾಳೆ ಬರ್ಲಿ, ಹೋಳಿಗೆ ಮಾಡಿಕ್ತೀನಿ."

"ನಾಳೆ ಬಂದ್ರೆ ಅಮಾಸೆ ಎಲ್ಲಿರ್ತದವ್ವಾ?" ಎಂದೆ. ನನಗೆ ಅಳು ಬಂದಿತ್ತು.

ಅಜ್ಜಿ ಎಲೆಯಡಿಕೆ ಬಾಯಿಗಿಟ್ಟುಕೊಂಡು ಎದ್ದಳು. ಅಮಲ್ದಾರರು ಜಮೀನು ನೋಡುವ ಹಾಗೆ ಮನೆಯ ಸುತ್ತ ನಡೆದು ಒಂದೊಂದು ಬಾಗಿಲನ್ನೂ ಕೋಲಿನಿಂದ ತಟ್ಟಿದಳು. ತಲೆಬಾಗಿಲಿಗೆ ಹೊಸಿಲು, ಹಿತ್ತಿಲ ಬಾಗಿಲಿಗೆ ಹೊಸಿಲು. ಮನೆಯ ಮಗ್ಗುಲಲ್ಲಿದ್ದ ಕೊಟ್ಟಿಗೆಯ ಮುಂದೆ ನಿಂತು ನಕ್ಕಳು.

"ಇದಕ್ಕೆ ಹೊಸಿಲೇ ಇಲ್ವಲ್ರೇ! ಎತ್ತು ಎಡವ್ತವೆ ಅಂತ ನಿಮ್ಮಜ್ಜ ಇಕ್ಕಿಸ್ಲೇ ಇಲ್ಲ. ಪುಣ್ಯಾತ್ಮ! ಕರೀರೇ ಅಳಿಯಂದಿರ್ನ."

ಅವ್ವ ತಲೆಬಾಗಿಲ ಅಗುಳಿಯನ್ನು ಇನ್ನೊಮ್ಮೆ ನೋಡಿ ಬಂದಳು. ತಾನು ಮಾತ್ರ ಅಡುಗೆಮನೆ ಬಿಟ್ಟು ಕದಲುವುದಿಲ್ಲ ಎಂದು ಒಳಗೇ ಕುಳಿತಳು.

ದೊಡ್ಡವ್ವನ ಹಿಂದೆ ಅವರು ಬಂದರು. ಮುಖ ತೊಳೆದಿದ್ದರು, ಕಿವಿ ಮಾತ್ರ ಕರ್ರಗಿತ್ತು. ಹುಣಸೂರಿನಲ್ಲಿ ಬಸ್ಸಿಳಿದು ಕೆಸರು ದಾರಿಯಲ್ಲಿ ನಡೆದೇ ಬಂದಿದ್ದರು. ಮಿರ್ಲೆಯ ಆಲೆಮನೆಯಿಂದ ತಂದ ಅಚ್ಚುಬೆಲ್ಲದ ಗಂಟನ್ನು ಅಜ್ಜಿಯ ಕೈಗೆ ಕೊಟ್ಟರು.

"ಮನೇಲಿ ಏನಂತ ಹೇಳಿ ಬಂದ್ರಪ್ಪಾ?" ಎಂದಳು ಅಜ್ಜಿ.

"ಗುರುಪುರ್ದಲ್ಲಿ ಒಂದು ಎತ್ತು ಮಾರಾಟಕ್ಕದೆಯಂತೆ, ನೋಡ್ಕ ಬತ್ತೀನಿ ಅಂದೆ."

"ನೋಡಿ ಮತ್ತೆ. ಮುಂದೇ ನಿಂತದೆ."

ನಮ್ಮ ಬಿಳಿ ಎತ್ತು ಅವರನ್ನು ತಲೆಯಿಂದ ಕಾಲಿನ ತನಕ ನೋಡಿತು.

ನಾನು ಹಿತ್ತಿಲಿಗೆ ಓಡಿ ಅಕ್ಕಿ ಕುಟ್ಟಿ ಮುಗಿಸಿದೆ. ಅವರು ತಂದ ಬೆಲ್ಲದಲ್ಲೇ ಪಾಕ ಎತ್ತಿ, ಹುರಿಗಡಲೆ ಹಿಟ್ಟು, ಎಳ್ಳು, ಕೊಬ್ಬರಿ ಚೂರು, ಏಲಕ್ಕಿ ಬೆರೆಸಿದೆ. ತಂಬಿಟ್ಟನ್ನು ಬಿಸಿಯಿದ್ದಾಗಲೇ ಕಟ್ಟಬೇಕು, ಆರಿದರೆ ಉದುರುತ್ತದೆ. ಅಂಗೈ ಕೆಂಪಾಗದೆ ಒಳ್ಳೆಯ ತಂಬಿಟ್ಟಾಗದು. ಈಗ ಅಂಗಡಿಯಿಂದ ಬಣ್ಣದ ಕಾಗದ ಸುತ್ತಿದ ಮಿಠಾಯಿ ತರುತ್ತಾರೆ. ತಿನ್ನುತ್ತೇನೆ, ಬೇಡವೆನ್ನುವುದಿಲ್ಲ. ಆದರೆ ಆ ಬಿಸಿ ಪಾಕದ ವಾಸನೆ ಕಾಗದದಿಂದ ಬರುವುದಿಲ್ಲ.

ಎರಡು ಉಂಡೆಗಳನ್ನು ದೀಪದ ಹಾಗೆ ಗುಳಿ ಮಾಡಿ, ತುಪ್ಪ ಬತ್ತಿ ಹಾಕಿ, ಇನ್ನೂ ಹಚ್ಚದೆ ತಟ್ಟೆಯಲ್ಲಿಟ್ಟು ತಂದೆ. ಕೊಟ್ಟಿಗೆಯ ನೆಲ ಒದ್ದೆ. ತಟ್ಟೆಯನ್ನು ಎತ್ತಿಗೆ ಮೇವು ಹಾಕುವ ಗೋದಲಿಯ ಅಂಚಿನ ಮೇಲಿಟ್ಟೆ. ಅವರು ಸಗಣಿ ಹೊರುವ ಬಿದಿರ ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಮಣೆಯಿಟ್ಟುಕೊಂಡು, ದರ್ಬಾರಿನಲ್ಲಿ ಕುಳಿತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ನಾನು ಪಾದ ತೊಳೆದೆ, ಅರಿಶಿನ ಕುಂಕುಮ ಹಚ್ಚಿದೆ, ಸೇವಂತಿಗೆ ಇಟ್ಟು ಹಣೆ ಮುಟ್ಟಿಸಿ ನಮಸ್ಕಾರ ಮಾಡಿದೆ. ಬಗ್ಗಿದ್ದಾಗಲೇ ಚಪ್ ಚಪ್ ಸದ್ದು ಕೇಳಿತು. ತಲೆಯೆತ್ತಿದರೆ ತಟ್ಟೆ ಖಾಲಿ. ಎತ್ತಿನ ಬಾಯಿಂದ ಒಂದು ಬತ್ತಿ ನೇತಾಡುತ್ತಿತ್ತು.

"ನೀವು ನೋಡ್ತಾ ಇರ್ಲಿಲ್ವೇನ್ರೀ?"

"ನೋಡ್ತಾ ಇದ್ದೆ. ಪೂಜೆ ಮಧ್ಯೆ ಮಾತಾಡಬಾರ್ದೇನೋ ಅಂತ ಸುಮ್ಕಿದ್ದೆ. ಅದ್ರದೂ ತಪ್ಪಿಲ್ಲ ಬುಡು, ಗೋದಲೀಲಿ ಮಡಗಿದ್ದು ಅದ್ರದೇ ಅಲ್ವಾ?"

ಆರತಿಯಿಲ್ಲದ ಪೂಜೆ ಪೂಜೆಯೇ? ದೀಪ ತಿಂದದ್ದು ಎತ್ತು, ದೋಷ ಬರುವುದು ಇವರ ಆಯಸ್ಸಿಗೆ. ನಾನು ಅಲ್ಲೇ ಅಳಲು ಶುರು ಮಾಡಿದೆ.

ಅಜ್ಜಿ ಬಾಯಿಯ ಎಲೆಯಡಿಕೆ ಉಗಿದಳು. "ಅದೇನು ನಾಯಿ ತಿಂತಾ? ಬಸವಣ್ಣ ಕಣೆ! ಸಿವನ ಮನೆಯೋನು. ನೀನು ಆರತಿ ಎತ್ತೋದ್ರೊಳಗೆ ಅವ್ನೇ ಬಂದು ಪ್ರಸಾದ ಈಸ್ಕಂಡ. ಇನ್ನೆರಡು ತತ್ತಾ."

ತರಲು ನಾನು ಏಳುವಷ್ಟರಲ್ಲಿ ಕೊಟ್ಟಿಗೆಗೆ ತಾಗಿದ ಅಡುಗೆಮನೆಯ ಗೋಡೆಯ ಬೆಳಕಿಂಡಿಯಿಂದ ಬಳೆಯ ಕೈಯೊಂದು ಹೊರಬಂತು. ಅವ್ವನದು. ಅಂಗೈಯಲ್ಲಿ ಎರಡು ತಂಬಿಟ್ಟು.

"ಕಿಂಡಿಗೂ ಹೊಸಿಲಿಲ್ಲ," ಎಂದಿತು ಗೋಡೆ.

ಅವುಗಳಿಗೆ ಗುಳಿ ಮಾಡಿ ಬತ್ತಿಯಿಟ್ಟೆ. ಈ ಸಲ ಅಜ್ಜಿ ಎತ್ತಿನ ಮೂಗುದಾರ ಹಿಡಿದು ನಿಂತಳು. ಎರಡು ದೀಪವೂ ಒಂದೇ ಕಡ್ಡಿಗೆ ಹತ್ತಿದವು. ಆರತಿ ಎತ್ತಿದೆ. ಅವರು ನನ್ನ ಬಲಗೈಗೆ ಅರಿಶಿನದ ದಾರ ಕಟ್ಟಿದರು. ಗಂಟು ಹಾಕಲು ಬಾರದೆ, ಎತ್ತಿಗೆ ಹಗ್ಗ ಬಿಗಿಯುವ ಗಂಟನ್ನೇ ಹಾಕಿದರು. ಅದು ಎಷ್ಟೋ ದಿನ ಬಿಚ್ಚಲಿಲ್ಲ.

ಆಮೇಲೆ ಕಿಂಡಿಯಿಂದ ಒಂದರ ಹಿಂದೆ ಒಂದು ತಂಬಿಟ್ಟು ಬರತೊಡಗಿತು. ಅವರು ತಿನ್ನುತ್ತಲೇ ಹೊಗಳಿದರು. "ನಮ್ಮವ್ವ ಮಾಡೋ ತಂಬಿಟ್ಟಿನ ಮೇಲೆ ಗಾಡಿ ಹತ್ತುದ್ರೂ ಚಕ್ರನೇ ಮುರಿಯೋದು." ಅದಕ್ಕೆ ಅಜ್ಜಿ ನಕ್ಕು ನಕ್ಕು ಮೂಗುದಾರ ಕೈಬಿಟ್ಟಳು. ಎತ್ತು ಕಿಂಡಿಯ ಕಡೆಗೆ ಕತ್ತು ಚಾಚಿತು. ಒಳಗಿಂದ ಅವ್ವ ಕಿಟಾರನೆ ಕಿರುಚಿದಳು.

"ಅಯ್ಯೋ ಸಿವನೇ! ಅಳಿಯಂದಿರು ನನ್ ಕೈ ನೆಕ್ತಾವ್ರೆ ಕಣತ್ತೇ!"

ಅವರು ಮಂಕರಿಯಿಂದ ಉರುಳಿ ಬಿದ್ದರು. ಬಾಯಿ ತುಂಬ ತಂಬಿಟ್ಟು, "ನಾನಲ್ಲತ್ತೇ" ಎನ್ನಲೂ ಆಗಲಿಲ್ಲ. ಅಜ್ಜಿ ಗೋಡೆಗೊರಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಅಳಿಯ ಮುಖ ನೋಡದೆಯೇ ಆದ ಆ ಮಾತುಕತೆಯನ್ನು ಅವ್ವ ಬದುಕಿದ್ದ ತನಕ ಯಾರೂ ಮರೆಯಗೊಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಹುಣಸೂರಿನ ಕಡೆಗೆ ಹೋಗುವ ಗಾಡಿಯೊಂದು ಸಿಕ್ಕಿತು, ಅದೂ ದೇವರ ದಯೆ. ಹೊರಟವರನ್ನು ಕೇಳಿದೆ: "ಎತ್ತಿನ ವಿಸ್ಯ ಕೇಳುದ್ರೆ ಊರಲ್ಲಿ ಏನಂತೀರಿ?"

"ನೋಡ್ದೆ, ಗೇಯೋದು ಕಾಣ್ಲಿಲ್ಲ, ತಿನ್ನೋದು ಕಾಣ್ತು, ಬ್ಯಾಡ ಅಂತೀನಿ," ಎಂದರು. ರುಮಾಲನ್ನು ಈ ಸಲವೂ ಮರೆತು ಹೋದರು. ಬೇಕೆಂದೇ ಇರಬೇಕು.

ಗಾಡಿ ಹುಣಸೆಮರ ದಾಟಿದ ಮೇಲೆ ಪೊರಕೆ ಹಿಡಿದು ಕೊಟ್ಟಿಗೆಗೆ ಬಂದೆ. ಅವರ ಪಾದ ತೊಳೆದ ನೀರು ಬಿದ್ದ ಜಾಗವೊಂದನ್ನು ಬಿಟ್ಟು ಸುತ್ತಲೂ ಗುಡಿಸಿದೆ. ಬಸವಣ್ಣ ಸರಿಯಾಗಿ ಅಲ್ಲೇ ಸಗಣಿ ಹಾಕಿದ. ಅದನ್ನೂ ಬಾಚಿ, ಅವರು ಕುಳಿತಿದ್ದ ಮಂಕರಿಗೇ ತುಂಬಿಕೊಂಡು ತಿಪ್ಪೆಗೆ ಹೊರಟೆ.