ಬಡಗಿಯಣ್ಣ ದೋಣಿಗೆ ಕಿವಿ ಕೂರಿಸಿದ್ದು

ಬೆಳಿಗ್ಗೆ ಕೆಲಸದ ಪೆಟ್ಟಿಗೆ ತೆರೆಯುವ ಮೊದಲು ಬಡಗಿಯಣ್ಣ ಅದರ ಮುಚ್ಚಳದ ಮೇಲೆ ಅಂಗೈ ಇಟ್ಟು, "ದೇವರೇ, ಇವತ್ತೂ ಕೈ ನಡುಗದೆ ಇರಲಿ" ಎನ್ನುತ್ತಾನೆ. ಜ್ವರದಲ್ಲಿ ಮಲಗಿದ್ದಾಗಲೂ ಹೆಂಡತಿಯ ಕೈಲಿ ಪೆಟ್ಟಿಗೆಯನ್ನು ಮಂಚದ ಬಳಿಗೆ ತರಿಸಿಕೊಂಡು ಹೇಳಿದ್ದನ್ನು ನಾನೇ ಕಂಡಿದ್ದೇನೆ. ನಮ್ಮದು ಪಕ್ಕದ ಮನೆ.

ಮೂವತ್ತು ವರ್ಷ ಮರದ ದೋಣಿ ಕಟ್ಟಿದ ಕೈ ಅದು. ಈಗ ಬಂದರಿನಲ್ಲಿ ಎಲ್ಲಿ ನೋಡಿದರೂ ಫೈಬರ್ ದೋಣಿ. ಉಳಿ, ಕೀಸುಳಿ ಯಾರಿಗೂ ಬೇಡ. ಹಾಗಾಗಿ ಐವತ್ತಾರನೆಯ ವಯಸ್ಸಿನಲ್ಲಿ ಬಡಗಿಯಣ್ಣ ಹೊಸ ವಿದ್ಯೆಗೆ ಕೈಹಾಕಿದ. ಮೀನು ಹುಡುಕುವ ಸೋನಾರನ್ನು ದೋಣಿಗೆ ಜೋಡಿಸುವ ಕೆಲಸ. ಅದರಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ ಅಂಗೈಯಗಲದ ಕಪ್ಪು ತುಂಡೊಂದಿದೆ. ನೀರಿನೊಳಗೆ ಶಬ್ದ ಕಳಿಸಿ, ತಿರುಗಿ ಬರುವ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುವುದು ಅದೇ. ಬಂದರಿನವರು ಅದನ್ನು 'ಕಿವಿ' ಎಂದೇ ಕರೆಯುತ್ತಾರೆ.

ಮೊದಲ ಕಿವಿ ತಂಗಿಯ ಮನೆಯ ದೋಣಿಗೆ. ಅದು ಸರಿಯಾದರೆ ಇನ್ನೂ ನಾಲ್ಕು ದೋಣಿಯವರು ಕೆಲಸ ಕೊಡುವವರಿದ್ದರು. ಕೆಟ್ಟರೆ ಪೆಟ್ಟಿಗೆ ಅಟ್ಟ ಸೇರುವುದೇ.

ಮೊದಲು ತಂಗಿಯ ಗಂಡನಿಗೆ ದೋಣಿ ಓಡಿಸಲು ಹೇಳಿ, ತಾನು ಹಿಂಬದಿಯಲ್ಲಿ ಬೋರಲು ಮಲಗಿ ನೀರನ್ನೇ ನೋಡಿದ. ಗುಳ್ಳೆ ಏಳುವ ಕಡೆ ಕಿವಿ ಕಿವುಡು. ನೀರು ನುಣ್ಣಗೆ ಜಾರುವ ಜಾಗ ಎಂಜಿನ್ನಿನಿಂದ ಒಂದು ಮೊಳ ಬಲಕ್ಕೆ ಸಿಕ್ಕಿತು. ಅಲ್ಲೇ ಸೀಮೆಸುಣ್ಣದ ಗುರುತು ಹಾಕಿದ. ದೋಣಿಯನ್ನು ದಡಕ್ಕೆಳೆದ ಮೇಲೆ ಬೈರಿಗೆ ಹಿಡಿದ.

"ಭಾವ, ಹೊಸ ದೋಣಿಗೆ ತೂತು ಕೊರೀತಿದ್ದೀಯ. ಮುಳುಗಿದರೆ?" ಎಂದ ತಂಗಿಯ ಗಂಡ.

"ಮುಳುಗಿದರೆ ಮೀನನ್ನ ಹತ್ತಿರದಿಂದಲೇ ನೋಡಬಹುದಲ್ಲ. ಯಂತ್ರದ ಖರ್ಚೂ ಉಳೀತದೆ."

ರಸಮಟ್ಟ ಇಟ್ಟು ನೋಡಿ, ತೂತಿನ ಸುತ್ತ ಅಂಟು ತುಂಬಿ, ದೋಣಿಯ ಹಿಂಬದಿಗೆ ಮಡಚುವ ಹಿಡಿಕೆಯೊಂದನ್ನು ತಿರುಪಿನಿಂದ ಬಿಗಿದು, ಅದರ ತುದಿಯಲ್ಲಿ ಕಿವಿಯನ್ನು ದೋಣಿಯ ತಳಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂರಿಸಿದ. ಸಂಜೆಗೆ ಕೆಲಸ ಮುಗಿಯಿತು.

ಮರುದಿನ ತಂಗಿ ದೋಣಿಗೆ ಕೊನೆಯ ಸುತ್ತಿನ ನೀಲಿ ಬಣ್ಣ ಹೊಡೆಯಲು ಬಂದಳು. ಅವಳ ಕೈ ಅಚ್ಚುಕಟ್ಟು. ತನ್ನ ನೀಲಿ ದೋಣಿಗೆ ಜಿಗಣೆ ಹಾಗೆ ಕಚ್ಚಿಕೊಂಡಿದ್ದ ಆ ಕರಿ ತುಂಡು ಕಣ್ಣಿಗೆ ಚುಚ್ಚಿತು. ಅದಕ್ಕೂ ಧಾರಾಳವಾಗಿ ಮೂರು ಸಲ ಬಣ್ಣ ಹೊಡೆದು ಮನೆಗೆ ಹೋದಳು. ಹೇಳಬೇಕಾದ ಮಾತು ಅಂತ ಅವಳಿಗೆ ಅನ್ನಿಸಲೇ ಇಲ್ಲ.

ಅದರ ಮರುದಿನ ದೋಣಿ ನೀರಿಗಿಳಿಯಿತು. ಆ ನಾಲ್ವರೂ ಕಟ್ಟೆಯ ಮೇಲೆ ನಿಂತಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೋನಾರಿನ ಪರದೆಯ ತುಂಬ ಬರೀ ಮಂಜು.

"ನಿನ್ನ ಕಿವಿಗೆ ಕಿವಿ ಕೇಳಿಸಲ್ಲ ಭಾವ," ಎಂದ ತಂಗಿಯ ಗಂಡ. "ವಾಪಸ್ ಹೋಗೋಣವಾ?"

"ತಡಿ. ಎಂಜಿನ್ ನಿಲ್ಲಿಸು. ನೀನು ಮುಂದೆ ಪರದೆ ನೋಡ್ತಾ ಕೂತಿರು."

ಬಡಗಿಯಣ್ಣ ಹಿಂದೆ ಬಾಗಿ ನೀರಿನಲ್ಲಿ ತೋಳು ಮುಳುಗಿಸಿದ. ತಾನು ಕೂರಿಸಿದ್ದು ಗಾಜಿನಂಥ ನುಣುಪು, ಕೈಗೆ ಸಿಕ್ಕಿದ್ದು ತರಿತರಿ. ಹಿಡಿಕೆಯನ್ನು ಮೇಲಕ್ಕೆ ಮಡಚಿ ನೋಡಿದರೆ ಕಿವಿ ಆಕಾಶದಷ್ಟು ನೀಲಿ. ಅದು ಯಾರ ಕೈಚಳಕವೆಂದು ಕೇಳಬೇಕೆ. ಸಣ್ಣ ನಗು ಬಂತು, ನುಂಗಿಕೊಂಡ. ಒಂದು ಮರದ ಚಕ್ಕೆಯಿಂದ, ಆಮೇಲೆ ಉಗುರಿನಿಂದ, ಗೀರು ಬೀಳದಂತೆ ಬಣ್ಣವನ್ನೆಲ್ಲ ಸುಲಿದು, ಹಿಡಿಕೆಯನ್ನು ಮತ್ತೆ ನೀರಿಗಿಳಿಸಿದ.

"ಭಾವ, ತಳ ಕಾಣ್ತಿದೆ. ಹನ್ನೊಂದು ಮಾರು ಆಳ. ಅಯ್ಯಯ್ಯೋ, ಮೀನು ಸಂತೆ ಸೇರಿದ ಹಾಗೆ ನಿಂತಿದೆ," ಎಂದ ತಂಗಿಯ ಗಂಡ. ಆಮೇಲೆ ಕೇಳಿದ, "ನೀನು ಏನು ತಪ್ಪು ಮಾಡಿದ್ದೆ?"

"ಏನೋ ಒಂಚೂರು ಅಂಟಿಕೊಂಡಿತ್ತು."

ತಂಗಿಯ ಗಂಡ ಅಷ್ಟನ್ನೇ ಇಟ್ಟುಕೊಂಡು ಕಟ್ಟೆಗೆ ಬಂದವನೇ ಡಂಗುರ ಹೊಡೆದ: "ನಮ್ಮ ಭಾವ ಮೊದಲು ಕೆಡಿಸಿ ಆಮೇಲೆ ರಿಪೇರಿ ಮಾಡ್ತಾನೆ." ನಾಲ್ವರೂ ನಕ್ಕರು. ಮೂವರು ನಗುತ್ತಲೇ ಕೆಲಸಕ್ಕೆ ದಿನ ಗೊತ್ತು ಮಾಡಿದರು. ನಾಲ್ಕನೆಯವನು, "ಮೊದಲ ಸಲಕ್ಕೇ ಸರಿಯಾಗಿದ್ದರೆ ನೋಡಬಹುದಿತ್ತು," ಎಂದು ರಾಗ ಎಳೆದು ಹೊರಟ.

ಊಟ ತಂದಿದ್ದ ತಂಗಿ ಅಣ್ಣನ ಉಗುರಿನ ಸಂದಿಯ ನೀಲಿ ಕಂಡಳು. ಅವನನ್ನು ಪಕ್ಕಕ್ಕೆ ಕರೆದಳು.

"ಅಣ್ಣ, ಅದು ನನ್ನ ಕೆಲಸವಾ? ಆ ಮನುಷ್ಯ ಇನ್ನೂ ದೂರ ಹೋಗಿಲ್ಲ. ಈಗಲೇ ಹೋಗಿ ಎಲ್ಲರ ಮುಂದೆ ಹೇಳ್ತೀನಿ. ನಿನ್ನ ಹೆಸರು ಉಳೀಲಿ."

"ಬೇಡ ಬಿಡೆ," ಎಂದ ಬಡಗಿಯಣ್ಣ, ಬುತ್ತಿಯ ಮುಚ್ಚಳ ತೆಗೆಯುತ್ತ. "ನಿನ್ನ ಗಂಡ ನನ್ನನ್ನ ಒಂದು ವಾರ ಆಡಿಕೊಳ್ತಾನೆ. ನಿನ್ನನ್ನಾದರೆ ಜೀವಮಾನವಿಡೀ ಆಡಿಕೊಳ್ತಾನೆ. ಮೂರು ದೋಣಿ ಸಾಕು ನನಗೆ."